ಮೀಟರಿನ ಹಣೆ

ನಮ್ಮ ವರ್ಕ್‌ಶಾಪಿನಲ್ಲಿ ಸಿದ್ಧವಾದ ಟಚ್ ಸ್ಕ್ರೀನ್ ಮೀಟರುಗಳನ್ನು ಎಲ್ಲಿ ಕಂಡರೂ ಗುರುತಿಸಬಹುದು. ಪರದೆಯ ಮೇಲ್ಭಾಗದಲ್ಲಿ ಮೂರು ಬೆರಳು ಹಿಡಿಯುವಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ಅಂಕಿಯಿಲ್ಲ, ಗುಂಡಿಯಿಲ್ಲ, ಮಾಲೀಕರ ಹೆಸರೂ ಇಲ್ಲ. ಅಲ್ಲಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಹೊಸ ಗಿರಾಕಿಗಳು ನಾವು ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೇವೆ ಎಂದುಕೊಳ್ಳುತ್ತಾರೆ.

ಆ ಜಾಗವನ್ನು ಖಾಲಿ ಬಿಟ್ಟವರು ಕಳೆದ ವರ್ಷ ದಸರೆ ಮುಗಿದ ಕೂಡಲೇ ತೀರಿಕೊಂಡರು. ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಎಲ್ಲಿಯಾದರೂ ಕಾಣಿಸಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಬಾಗಲಕೋಟೆಯಿಂದ ಇಳಕಲ್‌ವರೆಗೆ ಯಂತ್ರ ಇಟ್ಟುಕೊಂಡವರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ನಾನು ಈ ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತರ ಆಸುಪಾಸು. ಡಿಪ್ಲೊಮಾ ಓದಿದವರು. ತಮ್ಮನ ಸಂಸಾರದ ಜೊತೆ ಇದ್ದರು. ಹತ್ತಿಯ ಇಳಕಲ್ ಸೀರೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಹೆಗಲಿಗೆ ಸ್ಕ್ರೂಡ್ರೈವರುಗಳಿದ್ದ ಬಟ್ಟೆಯ ಚೀಲ. ನೀರಿನ ಗುಣ ಅಳೆಯುವ ಕೈ ಮೀಟರನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದರು. ಯಾವ ಪರದೆಯನ್ನೇ ಆಗಲಿ ಮುಟ್ಟುವ ಮೊದಲು ಸೆರಗಿನ ತುದಿಯಿಂದ ಒಮ್ಮೆ ಒರೆಸುವರು, ಮಗುವಿನ ಬಾಯಿ ಒರೆಸಿದ ಹಾಗೆ.

ಈ ಮೀಟರ್ ಎಂದರೆ ಕಬ್ಬಿಣದ ಪ್ಯಾನೆಲಿನ ಬಾಗಿಲಲ್ಲಿ ಕೂರಿಸಿದ ಅಂಗೈ ಅಗಲದ ಪರದೆ. ಹಿಂದಿನಿಂದ ಸೆನ್ಸರಿನ ತಂತಿ ಬರುತ್ತದೆ. ಒತ್ತಡವೋ, ಶಾಖವೋ, ನೀರಿನ ಗುಣವೋ, ಏನನ್ನು ತೋರಿಸಬೇಕು, ಎಷ್ಟು ದೊಡ್ಡ ಅಕ್ಷರದಲ್ಲಿ ತೋರಿಸಬೇಕು, ಯಾವ ಅಂಕಿ ದಾಟಿದರೆ ಯಾವ ಬಣ್ಣ ಬರಬೇಕು, ಯಾವಾಗ ಪಂಪ್ ನಿಲ್ಲಿಸಬೇಕು ಎಂಬುದನ್ನೆಲ್ಲ ನಾವೇ ನಿರ್ಧರಿಸಿ ಬೆರಳಿನಿಂದ ಒತ್ತಿ ಕಲಿಸಬೇಕು. ಕಾಲೇಜಿನಲ್ಲಿ ಇದನ್ನೆಲ್ಲ ಓದಿದ್ದೆ. ಹಾಗಾಗಿ ಬಾದಾಮಿಯ ಒಂದು ಐಸ್ ಫ್ಯಾಕ್ಟರಿಗೆ ನಾನು ಮಾಡಿದ ಮೊದಲ ಪರದೆಯಲ್ಲಿ ಹಸಿರು ಹಿನ್ನೆಲೆಯಿತ್ತು, ತಿರುಗುವ ಫ್ಯಾನಿನ ಚಿತ್ರವಿತ್ತು, ಮೇಲೆ ಫ್ಯಾಕ್ಟರಿಯ ಹೆಸರು ಓಡುತ್ತಿತ್ತು. ಅಕ್ಕಾರು ಸೆರಗಿನ ತುದಿಯಿಂದ ಒರೆಸಿ ಅದನ್ನು ನೋಡಿದರು.

"ಮದುವಿ ಮನಿ ಮಾಡೀಯಲ್ಲ ತಂಗಿ," ಎಂದರು.

"ಹಸಿರು ಅಂದ್ರ ಸರಿ ಐತಿ ಅಂತ ತಿಳೀಲಿ ಅಂತ ಹಾಕೀನ್ರಿ."

"ಸರಿ ಇದ್ದಾಗ ಬಣ್ಣ ಯಾಕ ಬೇಕು? ಸುಮ್ಮನ ಬಿಳಿ ಇರ್ಲಿ. ದಿನಾ ಬಣ್ಣ ನೋಡಿದ ಕಣ್ಣಿಗೆ ಕೆಂಪು ಬಂದಾಗ ಕೆಂಪು ಕಾಣಂಗಿಲ್ಲ."

ಎಲ್ಲವನ್ನೂ ಅಳಿಸಿದರು. ಒಂದೇ ಅಂಕಿ ಉಳಿಯಿತು. ಆಮೇಲೆ ಆಪರೇಟರನ್ನು ಕರೆದು, ಅವರು ದಿನವೂ ಕೂರುವ ಕುರ್ಚಿಯ ಮೇಲೆಯೇ ಕೂರಿಸಿ, ಓದಿ ಹೇಳಲು ಕೇಳಿದರು. ಅವರು ಕಣ್ಣು ಕಿರಿದು ಮಾಡಿ ಏನೋ ಒಂದು ಅಂಕಿ ಹೇಳಿದರು. ತಪ್ಪಾಗಿತ್ತು.

"ಅಕ್ಕಾರ, ಓದಾಕ ಬರೂದಿಲ್ಲ ಅಂತ ತಿಳೀಬ್ಯಾಡ್ರಿ. ದೂರದ್ದು ಕಾಣೂದಿಲ್ಲ."

"ಮೀಟರಿಗೆ ಎರಡೂ ಒಂದ ರಿ ಯಜಮಾನರ," ಎಂದು ಅಕ್ಕಾರು ಅಂಕಿಯನ್ನು ದೊಡ್ಡದು ಮಾಡಿದರು. ಅವರು ಸರಿಯಾಗಿ ಓದುವವರೆಗೂ ದೊಡ್ಡದು ಮಾಡುತ್ತಲೇ ಹೋದರು.

ಪಾಸ್‌ವರ್ಡ್ ವಿಷಯದಲ್ಲಿ ಅವರದು ಬೇರೆಯವರಿಗಿಲ್ಲದ ಒಂದು ರೂಢಿ. ಲಿಮಿಟ್ ಬದಲಿಸುವ ಪುಟಕ್ಕೆ ಬೀಗ ಹಾಕುತ್ತಿದ್ದರು. ಆ ಬೀಗದ ಅಂಕಿಯನ್ನು ಅಲ್ಲಿ ಕೆಲಸ ಮಾಡುವವರಿಗೇ ಹೇಳಿಬಿಡುತ್ತಿದ್ದರು. ನಮ್ಮ ಮಾಲೀಕರು ಇದಕ್ಕೆ ಬೇಸರಪಟ್ಟುಕೊಂಡಾಗ ಅವರು ಹೇಳಿದ್ದು ಇಷ್ಟು: "ಕೀಲಿ ನಮ್ಮ ಕಡೆ ಇದ್ರ ಅವರು ಮುರೀತಾರ. ಅವರ ಕಡೆನ ಇದ್ರ ಕಾಯ್ತಾರ." ಎಲ್ಲ ಕಡೆಯೂ ಇದು ನಿಜವಾಗಲಿಲ್ಲ. ಹುನಗುಂದದ ಒಂದು ಎಣ್ಣೆ ಗಾಣದಲ್ಲಿ ಕೆಂಪು ಬಂದಾಗಲೆಲ್ಲ ಲಿಮಿಟನ್ನು ಮೇಲಕ್ಕೆ ಸರಿಸುತ್ತಾ ಹೋದದ್ದರಿಂದ, ಕೊನೆಗೆ ಮೋಟಾರು ಸುಟ್ಟ ದಿನವೂ ಪರದೆ ಬೆಳ್ಳಗೇ ಇತ್ತು. ಅಲ್ಲಿಗೆ ಹೋದಾಗ ಅಕ್ಕಾರು ಯಾರನ್ನೂ ಬೈಯಲಿಲ್ಲ. "ಮೀಟರಿಗೆ ಬರೂದು ಒಂದ ಮಾತು. ಅದಕ ಎರಡನೇ ಮಾತು ಕಲಿಸಿದ್ರ ಅದು ನಮ್ಮಂಗ ಆಗತೈತಿ," ಎಂದು ಲಿಮಿಟನ್ನು ಮತ್ತೆ ಕೆಳಗಿಳಿಸಿದರು.

ಮೇಲಿನ ಖಾಲಿ ಜಾಗದ ಕಥೆ ಶುರುವಾದದ್ದು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ. ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ. ಕತ್ತಿ ಕುಡುಗೋಲಿನಿಂದ ಹಿಡಿದು ಲಾರಿ ಲೇಥಿನವರೆಗೆ ಎಲ್ಲಕ್ಕೂ ಪೂಜೆಯಾಗುತ್ತದೆ. ಆ ಕಾರ್ಖಾನೆಯ ಹಿರಿಯರು ವಿಭೂತಿಯನ್ನು ನೀರಿನಲ್ಲಿ ನೆನೆಸಿ, ಎಲ್ಲ ಯಂತ್ರಗಳಿಗೂ ಎಳೆದು, ಕೊನೆಗೆ ಮೀಟರಿನ ಪರದೆಗೂ ಮೂರು ಬೆರಳಿನಿಂದ ಅಡ್ಡಕ್ಕೆ ಎಳೆದರು. ಗೆರೆ ಸರಿಯಾಗಿ ಮೂಡಲಿಲ್ಲವೆಂದು ಒರೆಸಿ ಮತ್ತೊಮ್ಮೆ ಎಳೆದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಅಕ್ಕಾರ, ಮೀಟರ್ ಇಂಗ್ಲಿಷ್ ಬಿಟ್ಟು ಬ್ಯಾರೆ ಏನೋ ಮಾತಾಡಾಕತ್ತೈತ್ರಿ."

ಬೆರಳುಗಳು ಎಲ್ಲೆಲ್ಲೋ ಒತ್ತಿ ಪರದೆಯ ಭಾಷೆ ಯಾವುದೋ ಪರದೇಶದ ಭಾಷೆಗೆ ತಿರುಗಿತ್ತು. ನಾವು ಜೀಪಿನಲ್ಲಿ ನಗುತ್ತಲೇ ಹೋದೆವು. ಆದರೆ ಬದಲಾದದ್ದು ಭಾಷೆ ಒಂದೇ ಆಗಿರಲಿಲ್ಲ. ಗಾಳಿ ತುಂಬುವ ಟ್ಯಾಂಕಿನ ಲಿಮಿಟ್ ಕೂಡ ಮೇಲಕ್ಕೆ ಹೋಗಿತ್ತು. ಆಗ ಆ ಪುಟಕ್ಕೆ ಬೀಗ ಹಾಕುವ ರೂಢಿ ಇರಲಿಲ್ಲ. ನಾವು ಒಳಗೆ ಕಾಲಿಡುವಾಗ ಟ್ಯಾಂಕಿನ ಮೇಲಿನ ಸುರಕ್ಷೆಯ ವಾಲ್ವ್ ಕಿವಿ ಹರಿಯುವಂತೆ ಚೀರುತ್ತಾ ಗಾಳಿ ಬಿಡುತ್ತಿತ್ತು. ಪ್ರಸಾದದ ತಟ್ಟೆ ಹಿಡಿದಿದ್ದ ಹೆಂಗಸು ಅದರ ಪಕ್ಕದಲ್ಲೇ ಕೂತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆ ವಾಲ್ವ್ ತುಕ್ಕು ಹಿಡಿದಿದ್ದರೆ ಏನಾಗುತ್ತಿತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. 

ಮೀಟರಿಗೆ ಪೂಜೆ ಮಾಡಬೇಡಿ ಎಂದು ಬರೆದು ಅಂಟಿಸೋಣ ಎಂದು ವಾಪಸು ಬರುವಾಗ ನಾನು ಹೇಳಿದೆ.

"ಬ್ಯಾಡ ಅಂದ್ರ ಬಿಡ್ತಾರೇನು? ದುಡಿಯೂ ಸಾಮಾನಿಗೆ ಕೈ ಮುಗೀತಾರ, ಅದರಾಗ ತಪ್ಪೇನೈತಿ? ಹಣಿ ಎಲ್ಲೈತಿ ಅಂತ ನಾವು ತೋರಿಸಿಲ್ಲ. ಅದಕ್ಕ ಅವರು ಕಣ್ಣಾಗ ಹಚ್ಚ್ಯಾರ."

ಅಂದಿನಿಂದ ಪ್ರತಿ ಪರದೆಗೂ ಹಣೆ ಬಂತು.

ಮದುವೆಯ ಬಗ್ಗೆ ಯಾರಾದರೂ ಕೇಳಿದರೆ ಅವರು ಕೊಡುವ ಉತ್ತರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. "ನೋಡಾಕ ಬಂದಾವ್ರು ಲಿಮಿಟ್ ಏರಸ್ರಿ ಅಂದ್ರು. ಅಪ್ಪಾರು ಏರಸಲಿಲ್ಲ." ಆಮೇಲೆ ಕೇಳಿದವರನ್ನು ಬಿಟ್ಟು ಪರದೆಯ ಕಡೆ ನೋಡುತ್ತಿದ್ದರು. ನಾನು ಕೇಳಲಿಲ್ಲ. ನನ್ನ ಬಗ್ಗೆಯೂ ಅವರು ಏನೂ ಕೇಳಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಾದಾಮಿಯವರೆಗೆ ಮಾತಿಲ್ಲದೆ ಹೋಗಬಲ್ಲವರಾಗಿದ್ದೆವು. ಅದು ನಾನು ಅವರಿಗೆ ಹತ್ತಿರವಾಗಲು ಒಂದು ಕಾರಣ ಎಂದು ಈಗ ಅನ್ನಿಸುತ್ತದೆ.

ಅವರ ಕಾಯಿಲೆ ನನಗೆ ತಿಳಿದದ್ದು ಒಂದು ಸಿಹಿಯ ಡಬ್ಬಿಯಿಂದ. ಅಮೀನಗಡದ ಕರದಂಟಿನ ಅಂಗಡಿಯೊಂದರಲ್ಲಿ ಅಂಟು ಹುರಿಯುವ ತುಪ್ಪದ ಬಾಣಲೆಗೆ ಶಾಖದ ಮೀಟರ್ ಕೂರಿಸಿದ್ದೆವು. ಬೆಲ್ಲದ ಬೆರಳು ಅಂಟಿಕೊಳ್ಳುತ್ತದೆಂದು ಅಕ್ಕಾರು ಗುಂಡಿಗಳನ್ನು ದೊಡ್ಡದು ಮಾಡಿ, ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುವಂತೆ ಇಟ್ಟಿದ್ದರು. ಅಂಗಡಿಯವರು ಖುಷಿಯಾಗಿ ಬಿಸಿ ಕರದಂಟಿನ ಡಬ್ಬಿ ಕೊಟ್ಟರು. ಅಕ್ಕಾರು ಮುಚ್ಚಳ ತೆಗೆದು ಮೂಸಿದರು. ಮತ್ತೆ ಮುಚ್ಚಿ ನನ್ನ ತೊಡೆಯ ಮೇಲೆ ಇಟ್ಟರು.

"ಒಂದ ತುಣುಕು ತಗೋರಿ ಅಕ್ಕಾರ."

"ಸಕ್ಕರಿ ಬ್ಯಾನಿ ಮೂತ್ರಪಿಂಡದ ತನಕ ಹೋಗೇತಿ. ವಾಸನಿ ಸಾಕು," ಎಂದರು, ಊರಿನ ಹವೆಯ ಬಗ್ಗೆ ಹೇಳುವ ದನಿಯಲ್ಲಿ.

ಅದಾಗಿ ಸ್ವಲ್ಪ ಕಾಲಕ್ಕೆ ಅವರಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಶುರುವಾಯಿತು. ಬಾಗಲಕೋಟೆಯ ಒಂದು ಸಣ್ಣ ದವಾಖಾನೆಯಲ್ಲಿ. ಅಲ್ಲಿನ ನೀರಿನ ಮೀಟರ್ ಅವರೇ ಕೂರಿಸಿದ್ದು, ಇನ್ನೂ ಆರೋಗ್ಯವಾಗಿದ್ದ ಕಾಲದಲ್ಲಿ. ಡಯಾಲಿಸಿಸ್ ಯಂತ್ರಕ್ಕೆ ಬಹಳ ಶುದ್ಧವಾದ ನೀರು ಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ಸೋಸುವ ಘಟಕ ಗಾಜಿನ ಗೋಡೆಯ ಆಚೆ ಇತ್ತು. ನೀರು ಸರಿಯಿದ್ದರೆ ಬಿಳಿ. ಕೆಡಲು ಶುರುವಾದರೆ ಹಳದಿ. ಲಿಮಿಟ್ ದಾಟಿದರೆ ಪರದೆ ಕೆಂಪಾಗಿ, ನೀರು ಯಂತ್ರಗಳಿಗೆ ಹೋಗದೆ ಗಟಾರಕ್ಕೆ ತಿರುಗುತ್ತದೆ. ಲಿಮಿಟ್ ಎಷ್ಟೆಂದು ಡಾಕ್ಟರು ಹೇಳಿದ್ದರು. ಅಕ್ಕಾರು ಅದನ್ನು ಅಲ್ಲಿಯೇ ಇಟ್ಟು ಬೀಗ ಹಾಕಿ, ಬೀಗದ ಅಂಕಿಯನ್ನು ಟೆಕ್ನಿಷಿಯನ್‌ಗೆ ಹೇಳಿ ಬಂದಿದ್ದರು. ಈಗ ಅವರು ಮಲಗುವ ಕುರ್ಚಿಯಿಂದ ಆ ಪರದೆ ನೇರವಾಗಿ ಕಾಣುತ್ತಿತ್ತು.

"ಅಂಕಿ ಸಣ್ಣದಾತು," ಎಂದು ಒಮ್ಮೆ ನನ್ನೊಡನೆ ಹೇಳಿದರು. "ಟೆಕ್ನಿಷಿಯನ್ ನಿಂದ್ರೂ ಜಾಗದಿಂದ ನೋಡಿ ಇಟ್ಟಿದ್ದೆ. ಮಲಗಿದಾವ್ರು ನೋಡ್ತಾರ ಅಂತ ತಲಿಗೆ ಹೊಳೀಲಿಲ್ಲ." ಅಂದೇ ಹೋಗಿ ನಾನು ಅದನ್ನು ದೊಡ್ಡದು ಮಾಡಿದೆ.

ಕಳೆದ ವರ್ಷ ದಸರೆಯಲ್ಲಿ, ಬನ್ನಿ ಕೊಟ್ಟ ಮರುದಿನ, ಆ ಟೆಕ್ನಿಷಿಯನ್ ಫೋನ್ ಮಾಡಿದರು. ಹುನಗುಂದದ ಕಡೆಯವರು, ಮೆತ್ತಗೆ ಮಾತಾಡುವವರು.

"ಮೇಡಂ, ಮೀಟರ್ ಕೆಂಪಾಗೇತ್ರಿ. ಖಂಡೇ ಪೂಜಿ ಮಾಡುವಾಗ ನಾನ ಏನರ ಒತ್ತಿದ್ನೇನೋ. ಹಣಿ ಬಿಟ್ಟು ಬೆರಳು ಸರದಿಲ್ಲ ಅಂದ್ಕೊಂಡೇನಿ. ಒಮ್ಮಿ ಬಂದು ನೋಡ್ರಿ."

ಹೋದೆ. ಪ್ಯಾನೆಲಿನ ಹಿಡಿಕೆಯಲ್ಲಿ ಬನ್ನಿ ಎಲೆ ಸಿಕ್ಕಿಸಿದ್ದರು. ಪರದೆಯ ಹಣೆಯ ಮೇಲೆ ಮೂರು ಗೆರೆ ಅಚ್ಚುಕಟ್ಟಾಗಿದ್ದವು. ಲಿಮಿಟ್ ಇದ್ದಲ್ಲೇ ಇತ್ತು. ಕೆಟ್ಟದ್ದು ಮೀಟರ್ ಅಲ್ಲ, ನೀರು. ಸೋಸುವ ಘಟಕದಲ್ಲಿ ಯಾವುದೋ ಭಾಗ ಸೋತಿತ್ತು. ಅದು ಹುಬ್ಬಳ್ಳಿಯಿಂದ ಬರಬೇಕು. ಹಬ್ಬದ ರಜೆ, ಅಂಗಡಿ ತೆರೆಯುವುದು ಮರುದಿನ.

ಗಾಜಿನ ಈಚೆ ಕುರ್ಚಿಗಳಲ್ಲಿ ಜನ ಕಾಯುತ್ತಿದ್ದರು. ಮೊದಲ ಕುರ್ಚಿಯಲ್ಲಿ ಅಕ್ಕಾರು. ಮುಖ, ಪಾದ ಊದಿದ್ದವು. ಉಸಿರನ್ನು ತುಂಡು ತುಂಡಾಗಿ ಎಳೆಯುತ್ತಿದ್ದರು. ಪಕ್ಕದಲ್ಲಿ ಬಾದಾಮಿಯ ಬನಶಂಕರಿ ಕಡೆಯ ಒಬ್ಬ ಕುರಿಗಾರ ಹಿರಿಯರು ಕಂಬಳಿ ಹೊದ್ದು ಕೂತಿದ್ದರು. ಹಬ್ಬದ ಗದ್ದಲದಲ್ಲಿ ಬಸ್ಸು ಸಿಗದೆ ಹಿಂದಿನ ಪಾಳಿ ತಪ್ಪಿಸಿಕೊಂಡವರು.

ಟೆಕ್ನಿಷಿಯನ್ ದನಿ ತಗ್ಗಿಸಿದರು. "ಸ್ವಲ್ಪ ದಾಟೇತ್ರಿ ಮೇಡಂ, ಭಾಳೇನಿಲ್ಲ. ಲಿಮಿಟ್ ಒಂಚೂರು ಮ್ಯಾಲ ಸರಿಸಿದ್ರ ಇವತ್ತಿಂದು ದಾಟಿ ಹೊಕ್ಕೈತಿ. ನಾಳೆ ಸಾಮಾನು ಬಂದ ಕೂಡ್ಲೆ ಇಳಸೂಣು."

ಬೀಗದ ಅಂಕಿ ಅವರಿಗೂ ಗೊತ್ತಿತ್ತು. ಆದರೂ ನನ್ನನ್ನು ಕೇಳುತ್ತಿದ್ದರು.

"ಏನಾಗೇತಿ ಅದಕ?" ಎಂದು ಕುರಿಗಾರರು ಕೂತಲ್ಲಿಂದಲೇ ಕೇಳಿದರು.

"ನೀರು ಪಾಸ್ ಆಗವಲ್ದು ಕಾಕಾ. ಅಕ್ಕಾರು ಕುಂದರಿಸಿದ ಮೀಟರ್ ಅದು, ಬಿಡವಲ್ದು."

ಕುರಿಗಾರರು ಅಕ್ಕಾರ ಕಡೆ ತಿರುಗಿದರು. "ಹಂಗಾರ ನೀವ ಹೇಳ್ರಿ ಬಾಯಾರ, ಬಿಡಂತ. ನಿಮ್ಮ ಮಾತು ಕೇಳತೈತೆಲ್ಲ."

"ನನ್ನ ಮಾತು ಕೇಳಬಾರದು ಅಂತನ ಕುಂದರಿಸೇನ್ರಿ ಕಾಕಾ."

"ಕುರಿ ಮಿಂದ ಹಳ್ಳದ ನೀರು ಕುಡದು ಬೆಳದಾವ ನಾ. ಇಷ್ಟು ನೀರು ನನಗೇನ ಮಾಡತೈತಿ?"

"ಆ ನೀರು ಹೊಟ್ಟಿಗೆ ಹೋಗಿತ್ತು. ಈ ನೀರು ರಕ್ತದ ಮಗ್ಗಲಕ ಹರೀತೈತಿ."

"ನಿಮ್ಮ ಮೀಟರ್ ನಮ್ಮನ್ನ ಕೊಲ್ಲತೈತಿ ನೋಡ್ರಿ."

"ಕೊಂದ್ರ ಮೊದಲ ನನ್ನ ಕೊಲ್ಲಬೇಕ್ರಿ. ಇವತ್ತು ಮೊದಲನೇ ಪಾಳಿ ನಂದು."

ಯಾರೋ ನಕ್ಕರು. ಕುರಿಗಾರರೂ ಅರೆ ನಕ್ಕು ಕಂಬಳಿ ಎಳೆದುಕೊಂಡರು.

ನಾನು ಅಕ್ಕಾರ ಚೀಲದಿಂದ ಕನ್ನಡಕದ ಡಬ್ಬಿ ತೆಗೆದು, ಕೈ ಮೀಟರಿನಿಂದ ಅದೇ ನೀರನ್ನು ಅಳೆದೆ. ಅದರ ಅಂಕಿ ಲಿಮಿಟಿನ ಒಮ್ಮೆ ಈಚೆ, ಒಮ್ಮೆ ಆಚೆ ಓಲಾಡುತ್ತಿತ್ತು. ಸೆನ್ಸರುಗಳಲ್ಲಿ ಅಷ್ಟು ಹೆಚ್ಚುಕಡಿಮೆ ಇರುತ್ತದೆಂದು ನನಗೆ ಗೊತ್ತು. ನೀರು ಸರಿಯಿದ್ದಿರಲೂಬಹುದು. ಅದನ್ನು ತಂದು ಅಕ್ಕಾರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಎರಡು ಮೀಟರ್ ಜಗಳಾಡಿದ್ರ, ಯಾವ ಮೀಟರ್ ಹೆಚ್ಚು ಅಂಜತೈತಿ ಅದರ ಮಾತು ಕೇಳಬೇಕು," ಎಂದರು. ಹಿಂದೆಯೂ ಅವರು ಹೇಳಿದ್ದ ಮಾತು.

ನಾನು ಬಗ್ಗಿ ಮೆಲ್ಲಗೆ ಕೇಳಿದೆ, "ನಿಮಗ ಹೆಂಗಾಗಾಕತ್ತೈತ್ರಿ ಅಕ್ಕಾರ? ಇವತ್ತು ತಡೀತೀರೇನು?"

ಅವರು ನನ್ನ ಮಣಿಕಟ್ಟು ಹಿಡಿದರು. ಅವರ ಕೈ ತಣ್ಣಗಿತ್ತು.

"ನನ್ನ ಕೇಳಬ್ಯಾಡ ತಂಗಿ. ಇವತ್ತ ನಾ ಗಿರಾಕಿ. ಗಿರಾಕಿ ಯಾವಾಗ್ಲೂ ಏರಸ್ರಿ ಅಂತನ ಹೇಳ್ತಾನ."

ನಾನು ಪ್ಯಾನೆಲಿನ ಹತ್ತಿರ ಹೋಗಿ ನಿಂತೆ. ಪರದೆ ಕೆಂಪಾಗಿತ್ತು. ಅವರ ಕಣ್ಣಿಗಾಗಿ ನಾನೇ ದೊಡ್ಡದು ಮಾಡಿದ ಅಂಕಿ ಅದರ ನಡುವೆ ಇತ್ತು. ಅಲ್ಲಿಂದ ತಿರುಗಿ ಟೆಕ್ನಿಷಿಯನ್‌ಗೆ, "ಆಗಂಗಿಲ್ರಿ. ಡಾಕ್ಟರಿಗೆ ಫೋನ್ ಹಚ್ಚ್ರಿ," ಎಂದೆ.

ಡಾಕ್ಟರು ಊರಿನ ಇತರ ದವಾಖಾನೆಗಳನ್ನು ವಿಚಾರಿಸಿದರು. ಅಂದು ಸಂಜೆಗೆ ಒಂದು ಕಡೆ ಒಂದೇ ಯಂತ್ರ ಖಾಲಿಯಿತ್ತು. ಹಿಂದಿನ ಪಾಳಿ ತಪ್ಪಿದ್ದ ಕುರಿಗಾರರನ್ನು ಅಲ್ಲಿಗೆ ಕಳಿಸಿದರು. ಅಕ್ಕಾರು ಸೇರಿ ಉಳಿದವರಿಗೆ ಆ ದವಾಖಾನೆಗಳಲ್ಲಿ ಮರುದಿನ ಬೆಳಗಿನ ಪಾಳಿ ಸಿಕ್ಕಿತು. ಅದು ಸರಿಯಾದ ನಿರ್ಧಾರ, ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ಅಕ್ಕಾರು ತಮ್ಮನ ಹೆಗಲು ಹಿಡಿದು ಆಟೋ ಹತ್ತುವಾಗ, ಕನ್ನಡಕದ ಡಬ್ಬಿ ನಿನ್ನ ಹತ್ತಿರವೇ ಇರಲಿ ಎಂದರು.

ಬೆಳಗಿನ ಪಾಳಿಗೆ ಅವರು ಬರಲಿಲ್ಲ. ಎದ್ದು, ಮುಖ ತೊಳೆದು, ಸೀರೆ ಉಟ್ಟು, ಆಟೋ ಬರುವ ತನಕ ಕಟ್ಟೆಯ ಮೇಲೆ ಕೂತವರು ಕೂತಲ್ಲೇ ಪ್ರಾಣ ಬಿಟ್ಟರೆಂದು ಅವರ ತಮ್ಮ ಫೋನ್ ಮಾಡಿ ಹೇಳಿದರು.

ಅವರ ಸಮುದಾಯದಲ್ಲಿ ತೀರಿಕೊಂಡವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಸಂಸ್ಕಾರ ಮಾಡಿಸುವ ಅಯ್ಯನವರು ಮೂರು ಬೆರಳಿನಿಂದ ಅವರ ಹಣೆಗೆ ವಿಭೂತಿ ಎಳೆಯುವಾಗ ನಾನು ನೆಲ ನೋಡಿದೆ.

ಅದೇ ದಿನ ಹುಬ್ಬಳ್ಳಿಯಿಂದ ಸಾಮಾನು ಬಂತು. ಘಟಕ ಬಿಚ್ಚಿದಾಗ ಒಂದು ರಬ್ಬರ್ ರಿಂಗ್ ಸವೆದಿರುವುದು ಕಂಡಿತು. ಹಿಂದಿನ ದಿನ ಸಂಜೆಯೇ ಅದು ಪೂರ್ತಿ ಹರಿದು ಗಡಸು ನೀರು ಒಳಗೆ ನುಗ್ಗುತ್ತಿತ್ತೋ, ಇನ್ನೂ ವಾರ ತಡೆಯುತ್ತಿತ್ತೋ, ಬಿಚ್ಚಿದವರಿಗೂ ಹೇಳಲಾಗಲಿಲ್ಲ. ನಾನು ಆ ರಿಂಗನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಕನ್ನಡಕದ ಡಬ್ಬಿಗೆ ಹಾಕಿಕೊಂಡೆ. ಈಗಲೂ ಅಲ್ಲೇ ಇದೆ.

ಈ ವರ್ಷ ಖಂಡೇ ಪೂಜೆಯ ದಿನ ಆ ದವಾಖಾನೆಯವರು ನನ್ನನ್ನು ಕರೆದಿದ್ದರು. ಪೂಜೆಗೆ ಮೊದಲು, ಲಿಮಿಟನ್ನು ಸ್ವಲ್ಪ ಸಡಿಲ ಮಾಡಲು ಆಗುತ್ತದೆಯೇ ಎಂದು ಆಡಳಿತದವರೊಬ್ಬರು ಕೇಳಿದರು. ಕಳೆದ ವರ್ಷ ಆದದ್ದು ಮತ್ತೆ ಆಗಬಾರದಲ್ಲ ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ರಜೆಯ ದಿನಗಳಿಗೆಂದು ಒಂದು ಬಿಡಿ ಸಾಮಾನು ತಂದಿಟ್ಟುಕೊಳ್ಳಿ, ಲಿಮಿಟ್ ಅಲ್ಲೇ ಇರಲಿ ಎಂದೆ. ಅವರು ಒಪ್ಪಿದರು. ಅದನ್ನು ಕಳೆದ ವರ್ಷವೇ ಯಾರಾದರೂ ಹೇಳಬಹುದಿತ್ತು. ಯಾರಿಗೂ ಹೊಳೆದಿರಲಿಲ್ಲ, ಅಕ್ಕಾರಿಗೂ.

ಟೆಕ್ನಿಷಿಯನ್ ಪರದೆ ಒರೆಸಿ ಹಣೆಗೆ ವಿಭೂತಿ ಎಳೆದರು. ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಬನಶಂಕರಿಯ ಕುರಿಗಾರರು. ಸೊರಗಿದ್ದರು, ಆದರೆ ಅದೇ ಕಂಬಳಿ. ಸೊಂಟದ ಚೀಲದಿಂದ ತಮ್ಮ ದೇವರು ಬೀರಪ್ಪನ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ತೆಗೆದು ಚಿಟಿಕೆಯಲ್ಲಿ ಹಿಡಿದು ನಿಂತಿದ್ದರು.

"ಯವ್ವಾ, ನಾ ಹಚ್ಚಬಹುದೇನು? ಎಲ್ಲಿ ಹಚ್ಚಬೇಕು?"

ನಾನು ಖಾಲಿ ಜಾಗ ತೋರಿಸಿದೆ. ಅವರು ಕೈ ಎತ್ತಿದರು. ಪರದೆಯ ಹತ್ತಿರ ಬಂದು ಬೆರಳು ನಿಂತಿತು.

"ಇದು ಮತ್ತ ಕೆಂಪಾದ್ರ?"

"ನೀರು ಬರಂಗಿಲ್ರಿ ಕಾಕಾ."

"ಯಾರ ಪಾಳಿ ಇದ್ರೂ?"

"ಯಾರ ಪಾಳಿ ಇದ್ರೂ."

 ಅವರು ಬಿಳಿ ಗೆರೆಗಳ ನಡುವೆ ಭಂಡಾರ ಹಚ್ಚಿ, ಪಕ್ಕದ ಕೋಣೆಗೆ ಹೋಗಿ, ಅಕ್ಕಾರು ಕೂರುತ್ತಿದ್ದ ಮೊದಲ ಕುರ್ಚಿಯನ್ನು ಬಿಟ್ಟು ಎರಡನೆಯದರಲ್ಲಿ ಕೂತು ತೋಳು ಚಾಚಿದರು.